ಗಣಿತಾಭ್ಯಾಸದಲ್ಲಿ ಸಹಕಾರವೂ ಸಂಭಾಷಣೆಯೂ

ವಿದ್ಯೆಗಳೊಳಗೆ ಗಣಿತಕ್ಕೆ ಬಂದಷ್ಟು ಅಪಕೀರ್ತಿಯು ಮತ್ತಾವ ವಿದ್ಯೆಗೂ ಬಂದಿಲ್ಲ. ಇತಿಹಾಸ ಬಾರದ ಹುಡುಗನನ್ನು ‘ಓದಿಲ್ಲ’ವೆಂದು ಗದರಿಸುತ್ತೇವೆ; ಗಣಿತ ಬಾರದವನನ್ನಾದರೋ ‘ಅವನ ತಲೆಯೇ ಅಂಥದು’ ಎಂದು ಕೈಬಿಟ್ಟುಬಿಡುತ್ತೇವೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿವಸ ರೋಣ ತಾಲೂಕಿನ ಯಾವ ಊರಿಗೆ ಹೋದರೂ ಒಂದಿಲ್ಲೊಂದು ಮನೆಯ ಪಡಸಾಲೆಯಲ್ಲಿ “ಉಳಿದದ್ದೆಲ್ಲಾ ಪಾಸಾತ್ರೀ, ಗಣಿತ ಒಂದರಾಗ ಹೋತು” ಎಂಬ ಮಾತು ಕೇಳಿಬರುವುದುಂಟು. ಆ ಒಂದು ವಿಷಯದ ದೆಸೆಯಿಂದ ಹುಡುಗನು ಗೌಂಡಿಯ ಕೈಕೆಳಗೆ ಕಲ್ಲು ಹೊರಲು ಹೋಗುವನು. ಹುಡುಗಿಗೆ ವರನನ್ನು ಹುಡುಕುವ ಮಾತು ಆರಂಭವಾಗುವದು. ಆದುದರಿಂದ ಗಣಿತವನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯು ಕೇವಲ ಮಾಸ್ತರರ ಪ್ರಶ್ನೆಯಲ್ಲ. ಪ್ರತಿಯೊಬ್ಬ ಗೃಹಸ್ಥನ ಪ್ರಶ್ನೆಯೂ ಅಹುದು.

ಈ ರೋಗಕ್ಕೆ ಸಾಮಾನ್ಯವಾಗಿ ನಾವು ಮಾಡುವ ಚಿಕಿತ್ಸೆಗಳು ಮೂರು. ಮನೆಪಾಠಕ್ಕೆ ಕಳುಹಿಸುವದು ಒಂದು, ಉತ್ತರಗಳನ್ನೆಲ್ಲ ಬಿಡಿಸಿಟ್ಟ ಗೈಡು ಪುಸ್ತಕವನ್ನು ಕೊಂಡುಕೊಡುವದು ಎರಡು, ಬಯ್ಯುವದು ಮೂರು. ಈ ಮೂರರಲ್ಲಿಯೂ ಒಂದು ಲಕ್ಷಣವು ಸಮಾನವಾಗಿದೆ. ಅದೇನೆಂದರೆ, ಮಗುವು ಒಂಟಿಯಾಗಿಯೂ ಮೌನವಾಗಿಯೂ ಇರುತ್ತದೆ. ಮಾತನಾಡುವವರು ಬೇರೆಯವರು, ಕೇಳುವದು, ಬರೆದುಕೊಳ್ಳುವದು, ಕಂಠಪಾಠ ಮಾಡುವದು ಇಷ್ಟೇ ಮಗುವಿನ ಪಾಲಿಗೆ ಉಳಿಯುವದು. ಗಣಿತವು ಹೀಗೆ ಮೂಕವಾಗಿ ಕಲಿಯತಕ್ಕ ವಿದ್ಯೆಯಲ್ಲವೆಂದೂ, ಜೊತೆಯವರೊಡನೆ ಬಾಯಿಬಿಟ್ಟು ಆಡಿದಾಗಲೇ ಅದು ಮನಸ್ಸಿನಲ್ಲಿ ಬೇರೂರುವದೆಂದೂ ತಿಳಿಸುವದು ಈ ಲೇಖನದ ಉದ್ದೇಶವಾಗಿದೆ.

ನಾವು ಸಂಸ್ಕೃತವನ್ನು ಓದಿ ಮಾಸ್ತರಿಕೆ ಮಾಡಿದವರು; ಗಣಿತದ ಪಂಡಿತರೆಂಬ ಅಭಿಮಾನವು ನಮಗಿಲ್ಲ. ಆದರೆ ವಿದ್ಯೆಯು ಒಂದು ತಲೆಯಿಂದ ಇನ್ನೊಂದು ತಲೆಗೆ ಹೇಗೆ ದಾಟುವದೆಂಬುದನ್ನು ಅನೇಕ ವರುಷ ಕಣ್ಣಾರೆ ನೋಡಿದ್ದೇವೆ. ಸಂಸ್ಕೃತದಲ್ಲಿ ಒಂದು ಪ್ರಸಿದ್ಧವಾದ ಸುಭಾಷಿತವಿದೆ. ವಿದ್ಯೆಯನ್ನು ನಾಲ್ಕು ಪಾಲು ಮಾಡಿ ಅದು ಒಂದು ಪಾಲನ್ನು ಗುರುವಿಗೂ, ಒಂದು ಪಾಲನ್ನು ಶಿಷ್ಯನ ಸ್ವಂತ ಬುದ್ಧಿಗೂ, ಒಂದು ಪಾಲನ್ನು ಸಹಾಧ್ಯಾಯಿಗಳಿಗೂ, ಉಳಿದೊಂದು ಪಾಲನ್ನು ಕಾಲಕ್ಕೂ ಒಪ್ಪಿಸುತ್ತದೆ. ನಮ್ಮ ಈಗಿನ ಪ್ರೌಢಶಾಲೆಗಳಲ್ಲಿ ಗುರುವಿನ ಪಾಲಿಗೆ ವ್ಯವಸ್ಥೆಯುಂಟು. ಸ್ವಂತ ಬುದ್ಧಿಯನ್ನು ಪರೀಕ್ಷೆಯು ಅಳೆಯುತ್ತದೆ. ಕಾಲವು ತಾನಾಗಿಯೇ ಸಾಗುತ್ತದೆ. ಸಹಾಧ್ಯಾಯಿಗಳ ಪಾಲನ್ನು ಕೇಳುವವರೇ ಇಲ್ಲ. ಮಗ್ಗುಲಲ್ಲಿ ಕುಳಿತವನೊಡನೆ ಮಾತನಾಡಿದರೆ ಅದು ಅಪರಾಧವೆಂದು ಎಣಿಸುತ್ತೇವೆ. ಹೀಗೆ ವಿದ್ಯೆಯ ಕಾಲುಭಾಗವನ್ನು ನಾವೇ ಬಾಗಿಲ ಹೊರಗೆ ನಿಲ್ಲಿಸಿದ್ದೇವೆ.

ಬಳ್ಳಾರಿಯ ಹಳೆಯ ಶಾಲೆಗಳು

ಹುಡುಗರು ಹುಡುಗರಿಗೆ ಕಲಿಸುವ ಪದ್ಧತಿಯು ಹೊಸದೆಂದೂ ಪರದೇಶದಿಂದ ಬಂದುದೆಂದೂ ಕೆಲವರು ತಿಳಿದಿರುವರು. ನಿಜಸ್ಥಿತಿಯು ಬೇರೆಯೇ ಇದೆ. ೧೮೨೩ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬ ಆಂಗ್ಲ ಅಧಿಕಾರಿಯು ತನ್ನ ಜಿಲ್ಲೆಯ ದೇಶೀಯ ಶಾಲೆಗಳನ್ನು ಕುರಿತು ಮದರಾಸಿನ ಸರಕಾರಕ್ಕೆ ಒಂದು ವರದಿಯನ್ನು ಬರೆದನು. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡ ಶಾಲೆಗಳು. ಎಲ್ಲ ಶಾಲೆಗಳಲ್ಲಿ ಕೂಡಿ ೬,೬೪೧ ಮಕ್ಕಳು ಓದುತ್ತಿದ್ದರು. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪು ಮಾಡಿ, ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರ ವಶಕ್ಕೆ ಒಪ್ಪಿಸಿ, ಮೇಲಿನವರನ್ನು ಗುರುವು ತಾನೇ ನೋಡಿಕೊಳ್ಳುತ್ತಿದ್ದನು. ಮರಳಿನ ಮೇಲೆ ಬೆರಳಿನಿಂದ ಬರೆಯುವದು, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುವದು ಅಲ್ಲಿಯ ಕ್ರಮವಾಗಿತ್ತು. ಬಲ್ಲ ಹುಡುಗನು ಅರಿಯದವನಿಗೆ ಕಲಿಸುತ್ತ ತನ್ನ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವನೆಂಬುದನ್ನು ಕ್ಯಾಂಪ್‌ಬೆಲ್ಲನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆಯೆಂದು ಬರೆದಿದ್ದಾನೆ.

ಇಂಗ್ಲೆಂಡಿಗೆ ಇದು ಹೋದ ಬಗೆ ಹೀಗೆ: ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ತಂದು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸಲು ತೊಡಗಿದನು. ೧೭೯೭ರಲ್ಲಿ ಅವನ ಪುಸ್ತಕವು ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ಕಾಲಕ್ಕೆ ಜೋಸೆಫ್ ಲ್ಯಾಂಕಾಸ್ಟರನೂ ಇಂಥದೇ ಶಾಲೆಯನ್ನು ಅಲ್ಲಿ ನಡೆಯಿಸಿದನು. ಬೆಲ್ಲನ ಕ್ರಮಕ್ಕೆ ‘ಮದರಾಸು ಪದ್ಧತಿ’ಯೆಂಬ ಹೆಸರೇ ನಿಂತಿತು.

ಆದರೆ ಹಳೆಯದೆಲ್ಲವೂ ಬಂಗಾರವೆಂದು ಹೇಳುವದು ನಮ್ಮ ಅಭಿಪ್ರಾಯವಲ್ಲ. ಬಳ್ಳಾರಿಯ ಅವೇ ಶಾಲೆಗಳಲ್ಲಿ ಬೆಳಗಿನಲ್ಲಿ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು ಏಟು, ಹೀಗೆ ಏರುತ್ತ ಹೋಗುತ್ತಿತ್ತು. ಇನ್ನೊಂದು ಮಾತನ್ನೂ ಮರೆಯಲಾಗದು. ಆ ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ೬೦ ಮಂದಿ ಮಾತ್ರ. ಅಲ್ಲದೆ ಹಿರಿಯ ಹುಡುಗನು ಹೇಳಿದ್ದನ್ನು ಕಿರಿಯರು ಮರುನುಡಿಯುವದಷ್ಟೇ ಅಲ್ಲಿಯ ಮುಖ್ಯ ಪಾಠವಾಗಿತ್ತು. ಮಗ್ಗಿಗೆ ಅದು ಸಾಕು. ಬೀಜಗಣಿತಕ್ಕೂ ರೇಖಾಗಣಿತಕ್ಕೂ ಸಾಲದು. ಅಲ್ಲಿ ‘ಏಕೆ?’ ಎಂದು ಕೇಳಬೇಕು, ಕೇಳಿದವನಿಗೆ ಕಾರಣವನ್ನು ಹೇಳಬೇಕು. ಮರುನುಡಿಯುವದರಿಂದ ಸಂಭಾಷಣೆಗೆ ಏರುವದೇ ಇಂದಿನ ಸಹಕಾರಿ ಕಲಿಕೆಯ ವಿಶೇಷವಾಗಿದೆ.

ಸಹಕಾರವೆಂದರೇನು?

ಸಹಕಾರವೆಂಬ ಶಬ್ದವನ್ನು ಗದಗು ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಭಾರತದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವು ೧೯೦೫ರಲ್ಲಿ ಹುಟ್ಟಿದ್ದು ನಮ್ಮ ಗದಗು ಜಿಲ್ಲೆಯ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ೧೯೦೪ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯಿರುತ್ತಿರಲಿಲ್ಲ. ಅಂದರೆ ಒಬ್ಬನು ಸಾಲವನ್ನು ತೀರಿಸದಿದ್ದರೆ ಅದರ ಭಾರವು ಎಲ್ಲರ ಮೇಲೆಯೂ ಬೀಳುವದು. ಆದುದರಿಂದ ಮಗ್ಗುಲ ಹೊಲದವನ ಬೆಳೆ ಹೇಗಿದೆಯೆಂಬುದು ಪ್ರತಿಯೊಬ್ಬನ ಕಾಳಜಿಯಾಯಿತು. ಹಾಗೆಂದು ಒಬ್ಬನ ಸಾಲವನ್ನು ಇನ್ನೊಬ್ಬನು ತೀರಿಸಲೆಂದು ಸಂಘವಿರಲಿಲ್ಲ. ತನ್ನ ಸಾಲವನ್ನು ತಾನೇ ತೀರಿಸತಕ್ಕದ್ದು. ಎಲ್ಲರ ಹಿತ ಒಂದಾಗಿರಬೇಕು, ಪ್ರತಿಯೊಬ್ಬನ ಲೆಕ್ಕ ಬೇರೆಯಾಗಿರಬೇಕು. ಈ ಎರಡು ಕಂಬಗಳ ಮೇಲೆ ಸಹಕಾರವು ನಿಂತಿದೆ.

ಅಮೇರಿಕೆಯ ಮಿನಸೋಟಾ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್, ರಾಜರ್ ಜಾನ್ಸನ್ ಎಂಬ ಸಹೋದರರು ತರಗತಿಯ ಸಹಕಾರವನ್ನು ಕುರಿತು ದೀರ್ಘಕಾಲ ಶೋಧನೆ ನಡೆಯಿಸಿ ಐದು ಅಂಗಗಳನ್ನು ಹೇಳಿದ್ದಾರೆ: ಒಬ್ಬರ ಏಳಿಗೆ ಇನ್ನೊಬ್ಬರ ಏಳಿಗೆಯನ್ನು ಅವಲಂಬಿಸಿರುವದು, ಪ್ರತಿಯೊಬ್ಬನಿಗೂ ಸ್ವಂತ ಹೊಣೆಯಿರುವದು, ಎದುರುಬದುರು ಕುಳಿತು ಮಾತನಾಡುವದು, ಕೂಡಿ ನಡೆಯುವ ನಯವನ್ನು ಕಲಿಯುವದು, ತಮ್ಮ ಗುಂಪು ಹೇಗೆ ಕೆಲಸಮಾಡಿತೆಂದು ಕೊನೆಗೆ ತಾವೇ ಪರೀಕ್ಷಿಸಿಕೊಳ್ಳುವದು. ಮೊದಲಿನ ಎರಡು ಕಣಗಿನಹಾಳದ ಎರಡು ಕಂಬಗಳೇ ಆಗಿವೆಯೆಂಬುದನ್ನು ವಾಚಕರು ಗಮನಿಸಿರಬಹುದು.

ಎರಡನೆಯ ಕಂಬವಿಲ್ಲದಿದ್ದರೆ ಏನಾಗುವದೆಂಬುದಕ್ಕೆ ತೇರಿನ ಹಗ್ಗವೇ ಸಾಕ್ಷಿ. ನೂರು ಜನರು ಹಗ್ಗಕ್ಕೆ ಕೈಹಚ್ಚಿರುವರು. ಎಳೆಯುವವರೆಷ್ಟು, ಹಿಡಿದು ನಡೆಯುವವರೆಷ್ಟು ಎಂಬುದು ದೇವರಿಗೇ ಗೊತ್ತು. ಮ್ಯಾಕ್ಸ್ ರಿಂಗೆಲ್ಮಾನ್ ಎಂಬ ಫ್ರಾನ್ಸ್ ದೇಶದ ಕೃಷಿಯಂತ್ರಶಾಸ್ತ್ರಜ್ಞನು ಜನರಿಂದ ಹಗ್ಗವನ್ನೆಳೆಸಿ ಬಲವನ್ನು ಅಳೆದು, ೧೯೧೩ರಲ್ಲಿ ಆ ಫಲಿತಗಳನ್ನು ಪ್ರಕಟಿಸಿದನು. ಎಂಟು ಮಂದಿ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿನ ಬಲವು, ಒಂಟಿಯಾಗಿ ಎಳೆದಾಗಿನ ಬಲದ ಸುಮಾರು ಅರ್ಧಕ್ಕೆ ಇಳಿದಿತ್ತು. ಮಕ್ಕಳನ್ನು ಸುಮ್ಮನೆ ಗುಂಪಾಗಿ ಕೂಡ್ರಿಸಿ ‘ಲೆಕ್ಕ ಮಾಡಿರಿ’ ಎಂದರೆ ಇದೇ ಗತಿ. ಜಾಣನೊಬ್ಬನು ಬಿಡಿಸುವನು, ಉಳಿದ ಮೂವರು ನಕಲು ಮಾಡುವರು. ಅದು ಸಹಕಾರವಲ್ಲ.

ತರಗತಿಯಲ್ಲಿ ಹೇಗೆ ನಡೆಯುವದು?

ಹಾಗಾದರೆ ಉಪಾಯವೇನು? ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಬೇಕು. ಒಂದು ಗುಂಪಿನಲ್ಲಿ ಗಣಿತ ಚೆನ್ನಾಗಿ ಬರುವವನೊಬ್ಬ, ಬಾರದವನೊಬ್ಬ, ನಡುವಿನವರಿಬ್ಬರು ಇರತಕ್ಕದ್ದು. ಗುಂಪಿನವರನ್ನು ಮಕ್ಕಳು ತಾವೇ ಆರಿಸಿಕೊಂಡರೆ ಓಣಿ, ಕುಲ, ಸ್ನೇಹಗಳಂತೆ ಕೂಡ್ರುವರು. ಆದುದರಿಂದ ಮಾಸ್ತರರೇ ಆರಿಸುವದು ಮೇಲು. ಪ್ರತಿಯೊಬ್ಬರಿಗೂ ಒಂದು, ಎರಡು, ಮೂರು, ನಾಲ್ಕು ಎಂದು ಅಂಕೆಯನ್ನು ಕೊಡಬೇಕು. ಲೆಕ್ಕವನ್ನು ಹೇಳಿದ ಮೇಲೆ ಮೊದಲು ಕೆಲವು ನಿಮಿಷ ಎಲ್ಲರೂ ಮೌನವಾಗಿ ತಾವೇ ಯೋಚಿಸಬೇಕು. ಆಮೇಲೆ ಮಗ್ಗುಲಿನವರೊಡನೆ, ಆಮೇಲೆ ನಾಲ್ವರೂ ಕೂಡಿ ಚರ್ಚಿಸಬೇಕು. ಕೊನೆಗೆ ಮಾಸ್ತರರು ಯಾವುದೋ ಒಂದು ಅಂಕೆಯನ್ನು ಕೂಗುವರು. ‘ಮೂರು’ ಎಂದರೆ ಎಲ್ಲ ಗುಂಪುಗಳ ಮೂರನೆಯವರು ಎದ್ದು ನಿಲ್ಲಬೇಕು. ಅವರು ಉತ್ತರವನ್ನಲ್ಲ, ಉತ್ತರ ಬಂದ ದಾರಿಯನ್ನು ಹೇಳಬೇಕು. ಯಾರ ಅಂಕೆ ಬರುವದೋ ಮೊದಲೇ ತಿಳಿಯದು. ಆದುದರಿಂದ ಜಾಣನು ಬಾರದವನಿಗೆ ತಿಳಿಯಹೇಳದೆ ಬಿಡಲಾರನು. ಬಾರದವನು ತಿಳಿದುಕೊಳ್ಳದೆ ಕೂಡ್ರಲಾರನು. ನಲವತ್ತು ನಿಮಿಷದ ಪಾಠದಲ್ಲಿ ಲೆಕ್ಕವನ್ನು ವಿವರಿಸಲು ಐದು, ಒಂಟಿ ಯೋಚನೆಗೆ ಮೂರು, ಗುಂಪಿನ ಚರ್ಚೆಗೆ ಹದಿನೈದು, ಅಂಕೆ ಕೂಗಿ ಕೇಳಲು ಹತ್ತು ನಿಮಿಷಗಳಾದರೆ ಮಾಸ್ತರರು ಸಾರಾಂಶ ಹೇಳಲು ಏಳು ನಿಮಿಷ ಉಳಿಯುತ್ತವೆ.

ಇಂತಹ ಒಂದು ಗುಂಪಿನಲ್ಲಿ ನಾವು ಕಿವಿಯಾರೆ ಕೇಳಿದ ಮಾತುಕತೆಯನ್ನು ಇಲ್ಲಿ ಕೊಡುತ್ತೇವೆ. (ಅ + ಬ) ಎಂಬುದರ ವರ್ಗವೇನೆಂಬುದು ಪ್ರಶ್ನೆ. ಒಬ್ಬ ಹುಡುಗಿಯು ಅ ವರ್ಗ ಕೂಡಿಸು ಬ ವರ್ಗ ಎಂದು ಬರೆದಿದ್ದಳು. ಈ ತಪ್ಪು ಎಲ್ಲ ಶಾಲೆಗಳಲ್ಲಿಯೂ ಪ್ರತಿವರುಷ ಹುಟ್ಟಿಬರುವ ತಪ್ಪಾಗಿದೆ. ಮಗ್ಗುಲಲ್ಲಿದ್ದವಳು ಅದನ್ನು ನೋಡಿ ನುಡಿದಳು:

“ಅ ಅಂದ್ರ ಮೂರು ಹಿಡಿ, ಬ ಅಂದ್ರ ಎರಡು ಹಿಡಿ. ಕೂಡಿದ್ರ ಎಷ್ಟಾತು?”

“ಐದು.”

“ಐದೈದ್ಲೆ ಇಪ್ಪತ್ತೈದು. ನೀ ಬರದದ್ದರಾಗ ಒಂಬತ್ತು, ನಾಕು, ಕೂಡಿ ಹದಿಮೂರು. ಉಳಿದ ಹನ್ನೆರಡು ಎಲ್ಲಿ ಹೋತು?”

“ಯಾರಿಗ್ಗೊತ್ತು! ಪುಸ್ತಕದಾಗ ಏನೋ ನಡುವ ಒಂದು ಇರತೈತಿ.”

“ನೆಲದ ಮ್ಯಾಲ ಚೌಕ ಬರದು ನೋಡೂಣು ಬಾ.”

ಐದು ಗೇಣಿನ ಒಂದು ಚೌಕವನ್ನು ಸುಣ್ಣದ ಕಡ್ಡಿಯಿಂದ ಬರೆದು, ಎರಡೂ ಬದಿಗೆ ಮೂರು ಗೇಣಿಗೊಂದು ಗೆರೆಯೆಳೆದರು. ಒಂದು ಮೂಲೆಗೆ ಮೂರರ ಚೌಕ, ಎದುರು ಮೂಲೆಗೆ ಎರಡರ ಚೌಕ ಕಾಣಿಸಿತು. ಉಳಿದ ಎರಡು ತುಂಡುಗಳು ಮೂರು ಗೇಣು ಉದ್ದ, ಎರಡು ಗೇಣು ಅಗಲದವು. ಅಲ್ಲಿಯವರೆಗೆ ಬಾಯಿಯನ್ನೇ ತೆರೆಯದಿದ್ದ ಮೂರನೆಯ ಹುಡುಗಿಯು ಕೂಡಲೆ, “ಆರು ಒಂದು, ಆರು ಇನ್ನೊಂದು. ಹನ್ನೆರಡು ಇಲ್ಲೇ ಕುಂತೈತಿ ನೋಡ್ರೆ!” ಎಂದು ಕೂಗಿದಳು. ಕಳೆದುಹೋದ ದನವು ಸಿಕ್ಕಷ್ಟು ಸಂತೋಷ ಅವರಿಗಾಯಿತು. ಪುಸ್ತಕದ ‘ಎರಡು ಅಬ’ ಎಂಬ ಪದವು ಅವರಿಗೆ ಅಂದಿನಿಂದ ಬರಿಯ ಅಕ್ಷರವಾಗಿ ಉಳಿಯಲಿಲ್ಲ. ಎರಡು ತುಂಡು ನೆಲವಾಯಿತು. ಮಾಸ್ತರರು ಇದನ್ನೇ ಹಲಗೆಯ ಮೇಲೆ ಹತ್ತು ಸಲ ಬರೆದಿದ್ದರೂ ಇಷ್ಟು ನಾಟುತ್ತಿತ್ತೆಂದು ನಮಗೆ ತೋರುವದಿಲ್ಲ.

ಇನ್ನೊಂದು ವಿಧಾನವು ೧೯೭೧ರಲ್ಲಿ ಅಮೇರಿಕೆಯ ಆಸ್ಟಿನ್ ಪಟ್ಟಣದಲ್ಲಿ ಹುಟ್ಟಿತು. ಕರಿಯ, ಬಿಳಿಯ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂಡ್ರಿಸಿದ ಕಾಲವದು. ಮಕ್ಕಳಲ್ಲಿ ದ್ವೇಷವು ಹೊಗೆಯಾಡುತ್ತಿತ್ತು. ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞನು ಪಾಠವನ್ನು ತುಂಡು ತುಂಡು ಮಾಡಿ, ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡನ್ನು ಕೊಟ್ಟನು. ಎಲ್ಲರೂ ಎಲ್ಲರ ಮಾತನ್ನು ಕೇಳಿದ ಹೊರತು ಪಾಠವು ಪೂರ್ಣವಾಗದು. ನಮ್ಮ ಹತ್ತನೆಯ ತರಗತಿಯ ಗಣಿತಕ್ಕೂ ಇದು ಚೆನ್ನಾಗಿ ಒಪ್ಪುತ್ತದೆ. ಸಂತೆಯಲ್ಲಿ ಮೂರು ಕಿಲೋ ಉಳ್ಳಾಗಡ್ಡಿಗೂ ಎರಡು ಕಿಲೋ ಕಡಲೆಗೂ ಕೂಡಿ ೨೩೦ ರೂಪಾಯಿ. ಒಂದೊಂದು ಕಿಲೋಕ್ಕೆ ಕೂಡಿ ೧೦೦ ರೂಪಾಯಿ. ಹಾಗಾದರೆ ಒಂದೊಂದರ ದರವೆಷ್ಟು? ಇದನ್ನು ನಕ್ಷೆಯಿಂದ ಬಿಡಿಸಬಹುದು, ಒಂದರ ಬೆಲೆಯನ್ನು ಇನ್ನೊಂದರಲ್ಲಿ ಆದೇಶಿಸಿ ಬಿಡಿಸಬಹುದು, ಒಂದನ್ನು ವರ್ಜಿಸಿಯೂ ಬಿಡಿಸಬಹುದು. ಪ್ರತಿಗುಂಪಿನಿಂದ ಒಬ್ಬೊಬ್ಬರು ಹೋಗಿ ಒಂದೊಂದು ವಿಧಾನವನ್ನು ಕಲಿತು, ಮರಳಿ ಬಂದು ತಮ್ಮವರಿಗೆ ಕಲಿಸಬೇಕು. ಮೂರು ದಾರಿಯಿಂದ ಹೋದವರೂ ಉಳ್ಳಾಗಡ್ಡಿಗೆ ೩೦, ಕಡಲೆಗೆ ೭೦ ರೂಪಾಯಿಯೆಂಬ ಒಂದೇ ಊರನ್ನು ಸೇರಿದಾಗ ಗಣಿತದ ಸತ್ಯದಲ್ಲಿ ಮಕ್ಕಳಿಗೆ ಹುಟ್ಟುವ ವಿಶ್ವಾಸವೇ ಬೇರೆ.

ನಮ್ಮ ಎರೆಸೀಮೆಯ ಊರುಗಳಿಗೆ ಇದರಿಂದ ಇನ್ನೊಂದು ಪ್ರಯೋಜನವುಂಟು. ಅಸೂಟಿಯಂತಹ ಊರಿನಲ್ಲಿ ಬಿತ್ತಿಗೆಯ ಕಾಲಕ್ಕೂ ಸುಗ್ಗಿಯ ಕಾಲಕ್ಕೂ ಕೆಲವು ಮಕ್ಕಳ ಹಾಜರಿಯು ತಪ್ಪುವದು ಸಹಜ. ಉಳಿದ ವಿಷಯಗಳಲ್ಲಿ ಒಂದು ಪಾಠ ತಪ್ಪಿದರೆ ಆ ಪಾಠವಷ್ಟೇ ತಪ್ಪೀತು. ಗಣಿತದಲ್ಲಿ ಒಂದು ಕೊಂಡಿ ಕಳಚಿದರೆ ಸರಪಳಿಯೇ ಕಳಚುವದು. ಹೊಲದಿಂದ ಮರಳಿ ಬಂದ ಮಗುವನ್ನು ಮಾಸ್ತರರೊಬ್ಬರೇ ಹಿಂದಿನ ಎಂಟು ದಿನಗಳ ಪಾಠಕ್ಕೆ ಒಯ್ಯಲಾರರು. ಅದರ ಗುಂಪಿನ ಮೂವರು ಒಯ್ಯಬಲ್ಲರು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯುವ ಮುಯ್ಯಾಳಿನ ಪದ್ಧತಿಯನ್ನು ಬಲ್ಲ ಒಕ್ಕಲಮಕ್ಕಳಿಗೆ ಈ ಕೊಡುಕೊಳ್ಳುವಿಕೆಯನ್ನು ಹೊಸದಾಗಿ ಕಲಿಸಬೇಕಾದುದೂ ಇಲ್ಲ.

ಮಾತಿನ ಮರ್ಮ

ಕೂಡಿ ಕುಳಿತರೆ ಸಾಲದು. ಆಡುವ ಮಾತಿಗೂ ಒಂದು ಶಿಕ್ಷಣವು ಬೇಕು. ನಮ್ಮ ನ್ಯಾಯಶಾಸ್ತ್ರಕಾರರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸತ್ಯವನ್ನು ಕಂಡುಕೊಳ್ಳಲು ನಡೆಯುವದು ವಾದ. ಗೆಲ್ಲಬೇಕೆಂಬ ಹಟದಿಂದ ನಡೆಯುವದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನನ್ನು ಖಂಡಿಸುವದಷ್ಟೇ ವಿತಂಡ. ತರಗತಿಯ ಗುಂಪಿನಲ್ಲಿ ಜಲ್ಪ ವಿತಂಡಗಳು ಬೇಗನೆ ತಲೆಯೆತ್ತುವವು. ‘ನಿನಗ ಏನೂ ಬರೂದಿಲ್ಲ’ ಎಂಬುದು ವಿತಂಡ. ‘ಈ ಸಾಲಿನಿಂದ ಆ ಸಾಲು ಹ್ಯಾಂಗ ಬಂತು, ಹೇಳು’ ಎಂಬುದು ವಾದ. ಈ ಭೇದವನ್ನು ಮಾಸ್ತರರು ಮೊದಲ ವಾರದಲ್ಲಿಯೇ ಮಕ್ಕಳಿಗೆ ತಿಳಿಸಿಕೊಟ್ಟು, ಕೇಳತಕ್ಕ ಪ್ರಶ್ನೆಗಳನ್ನು ಗೋಡೆಯ ಮೇಲೆ ಬರೆಯಿಸಿಟ್ಟರೆ ಒಳ್ಳೆಯದು. ಭಾಸ್ಕರಾಚಾರ್ಯನ ಲೀಲಾವತಿಯು (೧೧೫೦) ಗಣಿತದ ಗ್ರಂಥವಾದರೂ ಅದರ ಲೆಕ್ಕಗಳಲ್ಲಿ ಬಾಲೆ, ಸಖ, ಮಿತ್ರ ಎಂದು ಎದುರಿಗಿರುವವರನ್ನು ಕರೆದು, ಹೇಳೆಂದು ಕೇಳುವ ರೀತಿಯಿದೆ. ಲೆಕ್ಕವೆಂಬುದು ಇಬ್ಬರ ನಡುವಿನ ಮಾತೆಂದು ಆ ಮಹಾಪುರುಷನು ತಿಳಿದಿದ್ದನು.

ಶಬ್ದದ ಅರ್ಥ ತಿಳಿಯದೆ ಶಬ್ದವನ್ನಷ್ಟೇ ದಾಟಿಸಿದರೆ ಏನಾಗುವದೆಂಬುದಕ್ಕೆ ಗಣಿತದ ಇತಿಹಾಸದಲ್ಲಿಯೇ ಒಂದು ಸ್ವಾರಸ್ಯವಾದ ಕಥೆಯಿದೆ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ ಎಂದು ಹೆಸರು. ವೃತ್ತದ ಗಣಿತದಲ್ಲಿಯೂ ನಮ್ಮವರು ಅದೇ ಹೆಸರನ್ನಿಟ್ಟರು. ಅರಬರು ಅದನ್ನು ಜೀಬ ಎಂದು ಬರೆದುಕೊಂಡರು. ಅರಬ್ಬಿ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವದಿಲ್ಲವಾದುದರಿಂದ ಮುಂದಿನವರು ಅದನ್ನು ಜೈಬ್ ಎಂದು ಓದಿದರು. ಅದಕ್ಕೆ ಮಡಿಲು, ಮಡಿಕೆ ಎಂದರ್ಥ. ಯುರೋಪಿನವರು ಅದನ್ನು ಲ್ಯಾಟಿನ್ನಿಗೆ ತಿರುಗಿಸಿ ಸೈನಸ್ ಎಂದರು. ಇಂದು ನಮ್ಮ ಮಕ್ಕಳು ತ್ರಿಕೋನಮಿತಿಯಲ್ಲಿ ‘ಸೈನ್’ ಎನ್ನುವದು ಆ ಮಡಿಲನ್ನೇ. ಹೆದೆಯು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು. ನಮ್ಮ ತರಗತಿಗಳಲ್ಲಿಯೂ ಇಂಥದು ನಿತ್ಯ ನಡೆಯುವದು. ಛೇದವೆಂದರೆ ಕತ್ತರಿಸುವದು, ಅಂಶವೆಂದರೆ ಪಾಲು, ಸಮಾಂತರವೆಂದರೆ ಸಮನಾದ ಅಂತರ. ರೊಟ್ಟಿಯನ್ನು ನಾಲ್ಕಾಗಿ ಕತ್ತರಿಸಿ ಮೂರು ಪಾಲು ತೆಗೆದುಕೊಂಡರೆ ಛೇದ ನಾಲ್ಕು, ಅಂಶ ಮೂರು. ಮಗುವು ಮೊದಲು ತನ್ನ ಮನೆಯ ಮಾತಿನಲ್ಲಿ ಇದನ್ನು ಹೇಳಲಿ. ಅನಂತರ ಪುಸ್ತಕದ ಶಬ್ದಕ್ಕೆ ಬರಲಿ. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದ್ದಾನೆ. ಗಣಿತವನ್ನಾಡಲು ನಮ್ಮ ನುಡಿಗೆ ಶಕ್ತಿಯಿಲ್ಲವೆಂದು ಯಾರೂ ಹೇಳಲಾಗದು.

ಮಾತನಾಡಿಸುವ ಕಲೆಯಲ್ಲಿ ಮಾಸ್ತರರ ಮೌನವೂ ಒಂದು ಭಾಗವೇ. ಮೇರಿ ಬಡ್ ರೋ ಎಂಬ ಅಮೇರಿಕೆಯ ವಿದುಷಿಯು ವಿಜ್ಞಾನದ ತರಗತಿಗಳನ್ನು ಪರೀಕ್ಷಿಸಿ, ೧೯೭೦ರ ದಶಕದಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದಳು. ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಕಾಯುವಂತೆ ಮಾಡಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಬಾಯಿಬಿಡದವರೂ ಬಾಯಿಬಿಟ್ಟರು. ಮೂರು ಸೆಕೆಂಡು! ಅಷ್ಟು ತಾಳ್ಮೆಗೆ ಸರಕಾರದ ಮಂಜೂರಾತಿಯು ಬೇಕಾಗುವದಿಲ್ಲ.

ಗೃಹಸ್ಥರ ಸಂದೇಹಗಳು

‘ನಮ್ಮ ಹುಡುಗ ಜಾಣ, ಬಾರದವರಿಗೆ ಕಲಿಸುತ್ತ ಕುಳಿತರೆ ಅವನ ಕಾಲ ವ್ಯರ್ಥವಲ್ಲವೆ?’ ಎಂದು ಅನೇಕರು ಕೇಳುವರು. ಕ್ಯಾಲಿಫೋರ್ನಿಯದ ನೊರೀನ್ ವೆಬ್ ಎಂಬ ವಿದುಷಿಯು ಗಣಿತದ ಗುಂಪುಗಳನ್ನೇ ವಿಶೇಷವಾಗಿ ಶೋಧಿಸಿದ್ದಾಳೆ. ಕಾರಣಸಹಿತವಾಗಿ ವಿವರಿಸಿ ಹೇಳುವ ಮಗುವಿಗೆ ಅದರಿಂದ ಲಾಭವಾಗುವದೆಂದೂ, ಬರಿಯ ಉತ್ತರವನ್ನು ಪಡೆದ ಮಗುವಿಗೆ ಏನೂ ಲಾಭವಾಗುವದಿಲ್ಲವೆಂದೂ ಅವಳು ಕಂಡಳು. ಕೊಡುವದರಿಂದ ವಿದ್ಯೆಯು ಹೆಚ್ಚುವದೆಂದು ನಮ್ಮ ಹಿರಿಯರು ಹೇಳುತ್ತ ಬಂದದ್ದು ಇದನ್ನೇ. ಜೊತೆಗೆ ಎರಡನೆಯ ಸಂದೇಹಕ್ಕೂ ಇದರಲ್ಲಿ ಉತ್ತರವಿದೆ. ‘ಇದು ನಕಲಿಗೆ ದಾರಿಯಲ್ಲವೆ?’ ಎಂದರೆ, ಉತ್ತರವನ್ನು ಕೊಡುವದು ನಕಲು, ದಾರಿಯನ್ನು ತೋರಿಸುವದು ಸಹಕಾರ. ಮೊದಲನೆಯದನ್ನು ತಡೆಯಬೇಕು, ಎರಡನೆಯದನ್ನು ಬೆಳೆಯಿಸಬೇಕು.

‘ಪರೀಕ್ಷೆಯಲ್ಲಿ ಒಂಟಿಯಾಗಿ ಕೂಡ್ರಬೇಕಲ್ಲ?’ ಎಂಬುದು ಮೂರನೆಯ ಸಂದೇಹ. ಇದಕ್ಕೆ ಬರ್ಕಲೀ ವಿಶ್ವವಿದ್ಯಾಲಯದ ಒಂದು ಉದಾಹರಣೆಯನ್ನು ಕೊಡಬಹುದು. ೧೯೭೦ರ ದಶಕದಲ್ಲಿ ಅಲ್ಲಿ ಯೂರಿ ಟ್ರೈಸ್‌ಮನ್ ಎಂಬ ತರುಣನು, ಕಲನಶಾಸ್ತ್ರದಲ್ಲಿ ಕರಿಯ ವಿದ್ಯಾರ್ಥಿಗಳು ಬಹಳವಾಗಿ ಸೋಲುವದೇಕೆಂದು ವಿಚಾರಿಸತೊಡಗಿದನು. ಅವರು ಸೋಮಾರಿಗಳಾಗಿರಲಿಲ್ಲ, ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಕೋಣೆಯ ಬಾಗಿಲನ್ನಿಕ್ಕಿಕೊಂಡು ಒಂಟಿಯಾಗಿ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳಾದರೋ ಸಂಜೆಗೆ ಕೂಡಿ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ನನು ಸೋಲುತ್ತಿದ್ದವರನ್ನು ಕೂಡ್ರಿಸಿ ಸುಲಭವಾದ ಲೆಕ್ಕಗಳನ್ನಲ್ಲ, ಕಠಿಣವಾದ ಲೆಕ್ಕಗಳನ್ನೇ ಗುಂಪಿಗೆ ಕೊಟ್ಟನು. ಅವರ ಫಲಿತಾಂಶವು ಬಹಳ ಮೇಲೇರಿತು. ಪರೀಕ್ಷೆಯನ್ನು ಅವರೂ ಒಂಟಿಯಾಗಿಯೇ ಬರೆದರಷ್ಟೆ.

ನಮ್ಮ ರಾಜ್ಯದಲ್ಲಿಯೂ ಚಿಕ್ಕ ತರಗತಿಗಳಲ್ಲಿ ಗುಂಪಿನ ಕಲಿಕೆಯು ಬಂದಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ಯು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ, ಗಣಿತವು ಮಕ್ಕಳು ತಮ್ಮತಮ್ಮೊಳಗೆ ಮಾತನಾಡಿಕೊಂಡು ಚರ್ಚಿಸಿ ಕೂಡಿ ಮಾಡತಕ್ಕ ವಿಷಯವಾಗಬೇಕೆಂದು ಹೇಳಿದೆ. ಹೀಗಿದ್ದರೂ ಮಕ್ಕಳು ಪ್ರೌಢಶಾಲೆಯನ್ನು ಹತ್ತಿದೊಡನೆ ಬಾಕುಗಳು ಸ್ವಸ್ಥಾನಕ್ಕೆ ಮರಳುವವು, ಬಾಯಿಗಳು ಮುಚ್ಚುವವು. ಲೆಕ್ಕವು ಕಠಿಣವಾಗುವಲ್ಲಿಯೇ ಜೊತೆಯು ತಪ್ಪುತ್ತದೆ.

ಮನೆಯಲ್ಲಿ ಮಾಡತಕ್ಕದ್ದು

ಗೃಹಸ್ಥರು ಇದರಲ್ಲಿ ಮಾಡಬಹುದಾದುದು ಬಹಳವಿದೆ. ಓಣಿಯ ಇಬ್ಬರು ಮೂವರು ಮಕ್ಕಳು ಸಂಜೆಗೆ ಒಂದು ಕಟ್ಟೆಯ ಮೇಲೆ ಕೂಡಿ ಲೆಕ್ಕ ಮಾಡಿದರೆ ‘ಹರಟೆ ಹೊಡೆಯುತ್ತಾರೆ’ ಎಂದು ಎಬ್ಬಿಸಬಾರದು. ಅರ್ಧ ತಾಸು ಕಿವಿಗೊಟ್ಟು, ಅಲ್ಲಿ ‘ಯಾಕ?’ ಎಂಬ ಶಬ್ದವು ಎಷ್ಟು ಸಲ ಬರುವದೆಂದು ನೋಡಬೇಕು. ಅಕ್ಕ ಅಣ್ಣಂದಿರು ತಮ್ಮ ತಂಗಿಯರಿಗೆ ಉತ್ತರವನ್ನು ಬರೆದುಕೊಡಬಾರದು. ಮುಂದಿನ ಒಂದು ಮೆಟ್ಟಿಲನ್ನಷ್ಟೇ ತೋರಿಸಬೇಕು. ‘ಅವರ ಮಗನನ್ನು ನೋಡು’ ಎಂಬ ಹೋಲಿಕೆಯ ಮಾತನ್ನು ಬಿಡಬೇಕು; ಆ ಮಾತು ಜೊತೆಗಾರನನ್ನು ವೈರಿಯನ್ನಾಗಿ ಮಾಡುವದು.

ಅಕ್ಷರ ಬಾರದ ತಾಯಿಯೂ ಗಣಿತವನ್ನು ಕಲಿಸಬಲ್ಲಳು. ಅವಳು ಮಾಡಬೇಕಾದುದಿಷ್ಟೆ: ಮಗಳನ್ನು ಕರೆದು, ಮನೆಯ ಲೆಕ್ಕವೊಂದನ್ನು ತನಗೆ ತಿಳಿಯುವಂತೆ ಹೇಳೆಂದು ಕೇಳಬೇಕು. ಐವತ್ತು ಸಾವಿರ ರೂಪಾಯಿಯನ್ನು ಕೈಗಡವಾಗಿ ತಂದಿದೆಯೆನ್ನೋಣ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ‘ಎರಡೇ ರೂಪಾಯಿ’ ಎಂದು ಕೇಳಲು ಹಗುರವಾಗಿದೆ. ಐವತ್ತು ಸಾವಿರದಲ್ಲಿ ಐನೂರು ನೂರುಗಳು. ತಿಂಗಳಿಗೆ ಒಂದು ಸಾವಿರ. ವರುಷಕ್ಕೆ ಹನ್ನೆರಡು ಸಾವಿರ. ಅದೇ ಹಣವು ವರುಷಕ್ಕೆ ನೂರಕ್ಕೆ ಏಳರಂತೆ ಸಿಕ್ಕರೆ ಬಡ್ಡಿಯು ಮೂರೂವರೆ ಸಾವಿರ ಮಾತ್ರ. ಎಂಟೂವರೆ ಸಾವಿರದ ಈ ಅಂತರವನ್ನು ಒಲೆಯ ಮುಂದೆ ಕುಳಿತ ತಾಯಿಗೆ ಮನಗಾಣಿಸಲು ಮಗಳು ಎಷ್ಟು ಬಗೆಯಿಂದ ಹೇಳಬೇಕಾಗುವದೋ ಅಷ್ಟು ಬಗೆಯಿಂದ ಅವಳೇ ಶೇಕಡಾ ಲೆಕ್ಕವನ್ನು ಕಲಿಯುವಳು. ತಾಯಿಯು ‘ತಿಳೀಲಿಲ್ಲವ್ವಾ, ಇನ್ನೊಮ್ಮೆ ಹೇಳು’ ಎಂದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪಂಡಿತನೂ ಕೇಳಲಾರನು.

ಇನ್ನು ತಂದೆಯು ಶಾಲೆಗೆ ಹೋದಾಗ ‘ಎಷ್ಟು ಮಾರ್ಕು ಬಿದ್ದಾವ್ರೀ?’ ಎಂದು ಕೇಳುವದರೊಡನೆ ‘ನಮ್ಮ ಹುಡುಗಿ ತರಗತಿಯೊಳಗ ಮಾತಾಡತಾಳೇನ್ರೀ?’ ಎಂದೂ ವಿಚಾರಿಸಲಿ. ಗಣಿತದ ಕೋಣೆಯಿಂದ ಗದ್ದಲ ಕೇಳಿಸಿದರೆ ಕೂಡಲೆ ಮಾಸ್ತರರನ್ನು ದೂರದಿರಲಿ. ಅದು ಚೌಕದ ತುಂಡುಗಳನ್ನು ಎಣಿಸುವ ಗದ್ದಲವಿರಬಹುದು. ಇಷ್ಟು ಮಾತ್ರದಿಂದ ಎಲ್ಲರೂ ಉತ್ತೀರ್ಣರಾಗುವರೆಂದು ನಾವು ಭರವಸೆ ಕೊಡಲಾರೆವು. ಪುಸ್ತಕ, ಕಟ್ಟಡ, ಸಾಕಷ್ಟು ಮಾಸ್ತರರು, ಇವೆಲ್ಲ ಬೇಕೇ ಬೇಕು. ಆದರೆ ‘ನನ್ನ ತಲೆಯೇ ಅಂಥದು’ ಎಂದು ಬಾಯಿಮುಚ್ಚಿ ಕುಳಿತ ಮಗುವಿಗೆ ‘ಎಲ್ಲಿ ತಪ್ಪಿತು, ಕೂಡಿ ನೋಡೋಣ’ ಎನ್ನುವ ಇನ್ನೊಂದು ಮಗುವು ಮಗ್ಗುಲಲ್ಲಿಯೇ ಇದೆ. ಅದಕ್ಕೆ ಕೊಡಬೇಕಾದ ಸಂಬಳವೂ ಇಲ್ಲ. ಅವರಿಬ್ಬರ ನಡುವಿನ ಮಾತನ್ನು ನಾವು ಹಿರಿಯರು ತಡೆಯದಿದ್ದರೆ ಸಾಕು. ವಾಚಕರು ತಮ್ಮ ತಮ್ಮ ಮನೆಗಳಲ್ಲಿ, ತಮ್ಮ ಊರಿನ ಶಾಲೆಗಳಲ್ಲಿ ಇದನ್ನು ಒಂದು ವರುಷ ನಡೆಯಿಸಿ ನೋಡಬೇಕೆಂದು ನಮ್ಮ ವಿಜ್ಞಾಪನೆ.